ಬೋರಮ್ಮನ ಕಿಟಕಿ

ಸಾತನೂರಿನಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣು ದಾರಿ ಹಿಡಿದು ಒಳಕ್ಕೆ ನಡೆದರೆ ಹುಣಸೆದೊಡ್ಡಿ ಸಿಗುತ್ತದೆ. ಆ ಊರಿನ ಕೊನೆಯ ಬೀದಿಯಲ್ಲಿ ಲತಾಮಣಿಯ ದೊಡ್ಡಪ್ಪನ ಮನೆ ಬೀಗ ಹಾಕಿಕೊಂಡು ವರ್ಷಗಟ್ಟಲೆ ನಿಂತಿತ್ತು. ದೊಡ್ಡಪ್ಪ ತೀರಿಕೊಂಡು, ಅವನ ಹಿಂದೆಯೇ ಅಪ್ಪನೂ ತೀರಿಕೊಂಡು, ಕೊನೆಗೆ ಅದು ಇವಳ ಪಾಲಿಗೆ ಬಂದಾಗ ಊರಿನಲ್ಲಿ ಯಾರೂ ಹೊಟ್ಟೆ ಉರಿದುಕೊಳ್ಳಲಿಲ್ಲ. ಅದು ಎಂಥ ಮನೆಯೆಂದು ತಿಳಿಯಲು ಅಷ್ಟೇ ಸಾಕಿತ್ತು.

ಲತಾಮಣಿಗೆ ಆಗ ನಲವತ್ತೈದರ ಆಸುಪಾಸು. ಕನಕಪುರ ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಮದುವೆಯಾದ ಹೊಸತರಿಂದಲೂ ಕಾಲರು ಹೊಲಿಯುತ್ತ ಬಂದವಳು. ಗಂಡ ಜಯಕುಮಾರ್ ಸರ್ಕಾರಿ ಬಸ್ಸಿನ ಡ್ರೈವರು. ಒಬ್ಬಳೇ ಮಗಳನ್ನು ಸೋಲೂರಿನ ಕಡೆಗೆ ಕೊಟ್ಟಾಗಿತ್ತು. ಕನಕಪುರದಲ್ಲಿ ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಕಟ್ಟುತ್ತೇವೆಂದರು. ಅದೇ ಹೊತ್ತಿಗೆ ಫ್ಯಾಕ್ಟರಿಯವರು ಇವಳ ಹೊಲಿಗೆ ಲೈನನ್ನು ಬೇರೆ ಊರಿಗೆ ಸಾಗಿಸಿದರು. ಎರಡೂ ಒಟ್ಟಿಗೆ ಬಂದಾಗ ಲತಾಮಣಿ, "ನಡೀರಿ, ನಮ್ದೇ ಒಂದು ಮನೆ ಐತಲ್ಲ" ಎಂದಳು.

ಜಯಕುಮಾರ್ ತಟ್ಟೆಯ ಮುಂದೆ ಕುಳಿತಿದ್ದವನು ತುತ್ತು ನಿಲ್ಲಿಸಿದ. "ಆ ಮನೆಗಾ?" ಎಂದ. ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಮನೆ ಹಳೆಯದು. ಸುಟ್ಟ ಇಟ್ಟಿಗೆಯನ್ನು ಕೆಮ್ಮಣ್ಣಿನಲ್ಲಿ ಕೂರಿಸಿ ಮೇಲೆ ಗಾರೆ ಬಳಿದ ಗೋಡೆಗಳು, ಮಂಗಳೂರು ಹೆಂಚಿನ ಮಾಡು, ಮುಂದೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕಕ್ಕೆ ಅಡುಗೆಮನೆ, ಹಿಂಬದಿಗೆ ಒಂದು ಕತ್ತಲೆ ಕೋಣೆ. ಮನೆ ಬೀದಿಗೆ ಪಕ್ಕೆ ಕೊಟ್ಟು ನಿಂತದ್ದರಿಂದ ಆ ಕೋಣೆಯ ಒಂದು ಗೋಡೆ ಬೀದಿಗೇ ತಾಗಿತ್ತು. ರಿಪೇರಿ ಮಾಡಿಸಿದರೆ ಇರಬಹುದಿತ್ತು. ಆದರೆ ಮಾಡಿಕೊಡುವವರು ಸಿಗಬೇಕಲ್ಲ. ಸಾತನೂರಿನಿಂದ ಒಬ್ಬ ಮೇಸ್ತ್ರಿ ಬಂದು, ಮಾಡು ನೋಡಿ, ಗೋಡೆ ತಟ್ಟಿ, ನಾಳೆಯಿಂದಲೇ ಶುರುಮಾಡೋಣ ಎಂದು ಹೋದ. ಹೋಗುವ ದಾರಿಯಲ್ಲಿ ಟೀ ಅಂಗಡಿಯ ಮುಂದೆ ನಿಂತನಂತೆ. ಅಲ್ಲಿ ಯಾರೋ ಏನೋ ಹೇಳಿದರಂತೆ. ಮಾರನೆಯ ದಿನ ಫೋನೂ ಎತ್ತಲಿಲ್ಲ. ಇನ್ನೊಬ್ಬ, "ಬೇರೆ ಕಡೆ ಒಪ್ಕಂಬುಟ್ಟಿದೀನಿ ಕಣಕ್ಕ" ಎಂದ. ಪೇಂಟಿನವರು, ವೈರಿಂಗಿನವರು, ಎಲ್ಲರದೂ ಒಂದೊಂದು ನೆಪ.

ನೆಪ ಹೇಳದವನು ಒಬ್ಬನೇ, ಎದುರು ಮನೆಯ ತಿಮ್ಮಯ್ಯ. ಆ ಊರಿನ ಅರ್ಧ ಮನೆಗಳನ್ನು ಕಟ್ಟಿದವನು ಅವನೇ. ಈಗ ಎಪ್ಪತ್ತು ದಾಟಿ, ಕೆಲಸ ಬಿಟ್ಟು, ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂರುತ್ತಿದ್ದ. ಲತಾಮಣಿ ಅವನ ಮುಂದೆ ಹೋಗಿ ನಿಂತು, "ಮಾವ, ನೀವು ಕೈ ಅಚ್ಚೋದು ಬ್ಯಾಡ. ನಿಂತ್ಕಂಡು ಹೇಳಿಕೊಡಿ ಸಾಕು" ಎಂದು ಕೇಳಿದಳು.

"ಆ ಮನೆಗೆ ನಾ ಬರಾಕಿಲ್ಲ" ಎಂದು ತಿಮ್ಮಯ್ಯ ಎದ್ದು ಒಳಗೆ ಹೋದ. ಬೀಡಿ ಜಗಲಿಯ ಅಂಚಿನಲ್ಲಿ ಹಾಗೆಯೇ ಉರಿಯುತ್ತಿತ್ತು.

ಕಾರಣ ಲತಾಮಣಿಗೆ ಗೊತ್ತಿಲ್ಲದ್ದೇನಲ್ಲ. ಆ ಹಿಂಬದಿಯ ಕೋಣೆಯಲ್ಲಿ ಅವಳ ದೊಡ್ಡಮ್ಮ ಬೋರಮ್ಮ ಇದ್ದಳು. ಹುಟ್ಟಿದ ಒಂದೇ ಮಗು ಜ್ವರ ಬಂದು ಹೋದ ಮೇಲೆ ಬೋರಮ್ಮನ ಬುದ್ಧಿ ಒಂದು ಕಡೆ ನಿಲ್ಲಲಿಲ್ಲ. ನಡುಬಿಸಿಲಿನಲ್ಲಿ ಹೊಲಗಳ ಬದುವಿನಲ್ಲಿ ಮಗುವನ್ನು ಕರೆಯುತ್ತ ತಿರುಗುತ್ತಿದ್ದಳು. ಒಂದು ಸಲ ಉಯ್ಯಂಬಳ್ಳಿಯವರೆಗೂ ನಡೆದುಹೋಗಿದ್ದಳು. ಗಾಡಿ ಕಟ್ಟಿಕೊಂಡು ಹೋಗಿ ಕರೆತಂದ ದೊಡ್ಡಪ್ಪ ಅವಳನ್ನು ಕೋಣೆಗೆ ಹಾಕಿ ಚಿಲಕ ಹಾಕಿದ. ಊಟ, ನೀರು, ಬಟ್ಟೆ, ತಲೆಗೆ ಎಣ್ಣೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲವೆಂದು ಊರವರು ಇವತ್ತಿಗೂ ಹೇಳುತ್ತಾರೆ. ಚಿಲಕ ತೆಗೆಯಲಿಲ್ಲ, ಅಷ್ಟೇ. ಬೋರಮ್ಮ ಆ ಕೋಣೆಯಲ್ಲೇ ತೀರಿಕೊಂಡಳು. ಮಧ್ಯಾಹ್ನದ ಹೊತ್ತು ಆ ಗೋಡೆಯೊಳಗಿಂದ ತಟ್ಟುವ ಸದ್ದು ಕೇಳುತ್ತದೆ ಎಂದು ಆಮೇಲೆ ಮಾತು ಹುಟ್ಟಿತು. ದೊಡ್ಡಪ್ಪನೇ ಕೊನೆಕೊನೆಗೆ ಜಗಲಿ ಬಿಟ್ಟು ಒಳಗೆ ಮಲಗುತ್ತಿರಲಿಲ್ಲ.

ಯಾರೂ ಬಾರದಿದ್ದರೆ ತಾನೇ ಮಾಡುತ್ತೇನೆಂದು ಲತಾಮಣಿ ಕನಕಪುರಕ್ಕೆ ಹೋದಳು. ಪೇಟೆ ಬೀದಿಯಲ್ಲಿ ಜಬ್ಬಾರ್ ಸಾಬರ ಹಾರ್ಡ್‌ವೇರ್ ಅಂಗಡಿ. ಅವಳು ಒಂದೊಂದಾಗಿ ಕೇಳಿದಳು. ಸುತ್ತಿಗೆ, ಚಾಣ, ಗಾರೆ ಬಳಿಯುವ ಕರಣೆ, ಟೇಪು, ಡ್ರಿಲ್ ಮಿಷನ್ನು.

"ಯಾರಿಗಮ್ಮ ಇದೆಲ್ಲ, ಮೇಸ್ತ್ರಿಗಾ?"

"ನಂಗೆ."

ಜಬ್ಬಾರ್ ಸಾಬರು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದರು. ನಗಲಿಲ್ಲ. ಒಳಗೆ ಹೋಗಿ ಕೈಗವಸು, ಮೂಗಿಗೆ ಕಟ್ಟುವ ಮಾಸ್ಕು, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ, ಒಂದು ಟೆಸ್ಟರು ತಂದು ಗಲ್ಲಾದ ಮೇಲಿಟ್ಟರು. "ಡ್ರಿಲ್ಲು ಆಮೇಲೆ ನೋಡೋಣ. ಮೊದ್ಲು ಇವು ತಗೊಳ್ಳಿ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಗೋಡೆ ಮುಟ್ಟಬೇಕು. ಹಳೇ ಗೋಡೆ ಒಳಗೆ ಏನಿದೆ ಅಂತ ಕಟ್ಟಿದವನಿಗೆ ಮಾತ್ರ ಗೊತ್ತಿರೋದು. ಕಟ್ಟಿದವರು ಇದ್ದಾರಾ?"

"ಇದಾರೆ. ಬರಾಕಿಲ್ಲ ಅಂತಾರೆ."

"ಹಂಗಾದ್ರೆ ಇದೂ ಇರಲಿ" ಎಂದು ಒಂದು ರಸಮಟ್ಟವನ್ನೂ ತೂಗುಗುಂಡನ್ನೂ ಸೇರಿಸಿದರು. ರಸಮಟ್ಟದ ಗಾಜಿನ ಕೊಳವೆಯಲ್ಲಿ ಹಸಿರು ನೀರಿನ ನಡುವೆ ಒಂದು ಗುಳ್ಳೆ. ಅದು ಎರಡು ಗೆರೆಗಳ ನಡುವೆ ಬಂದು ನಿಂತರೆ ಮಟ್ಟ ಸರಿಯಾಗಿದೆಯೆಂದು ಅರ್ಥ. ತೂಗುಗುಂಡು ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು. ಮೇಲಿನಿಂದ ಇಳಿಬಿಟ್ಟರೆ ಗೋಡೆ ನೆಟ್ಟಗಿದೆಯೋ ವಾಲಿದೆಯೋ ತಿಳಿಯುತ್ತದೆ. ಲತಾಮಣಿಗೆ ಆ ಗುಂಡು ಎಲ್ಲಕ್ಕಿಂತ ಹಿಡಿಸಿತು. ಬಸ್ಸಿನಲ್ಲಿ ಬರುವಾಗ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಬಾಡಿಗೆ ಮನೆ ಖಾಲಿ ಮಾಡುವವರೆಗೆ ಕನಕಪುರದಿಂದಲೇ ಬಂದು ಹೋಗುತ್ತ ಕೆಲಸವನ್ನು ಜಗಲಿಯಿಂದ ಶುರುಮಾಡಿದಳು. ಏಣಿ ಹಾಕಿಕೊಂಡು ಒಡೆದ ಹೆಂಚು ತೆಗೆದು ಹೊಸದು ಕೂರಿಸಿದಳು. ಅಡುಗೆಮನೆಯ ಉದುರಿದ ಗಾರೆಯನ್ನು ಕೆರೆದು, ನೀರು ಚಿಮುಕಿಸಿ, ಸಿಮೆಂಟು ಕಲಸಿ ಬಳಿದಳು. ಮೊದಲ ಸಲ ಬಳಿದದ್ದು ಸಂಜೆಯ ಹೊತ್ತಿಗೆ ಚಕ್ಕೆ ಚಕ್ಕೆಯಾಗಿ ಕಳಚಿ ಬಿತ್ತು. ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ನೋಡಿ, ಗೋಡೆಯನ್ನು ಇನ್ನಷ್ಟು ನೆನೆಸಿ, ಮತ್ತೆ ಬಳಿದಳು. ನಿಂತಿತು. ಬಟ್ಟೆಯಾದರೆ ತಪ್ಪು ಹೊಲಿಗೆಯನ್ನು ಬಿಚ್ಚಬಹುದಿತ್ತು, ಇಲ್ಲಿ ಬಿಚ್ಚುವುದೆಂದರೆ ಕೆಡವುವುದು. ಆದರೂ ಟೇಪು ಹಿಡಿಯುವ ಕೈ ಅವಳಿಗೆ ಮೊದಲೇ ಇತ್ತು. ಗುರುತು ಹಾಕುವ ಬೆರಳೂ ಇತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗುವ ಹೊತ್ತಿಗೆ ಡ್ರಿಲ್ಲಿನ ಒದೆತವೂ ಅಭ್ಯಾಸವಾಗಿತ್ತು.

ಜಯಕುಮಾರ್ ರಜೆಯ ದಿನ ಬರುತ್ತಿದ್ದ. ಮರಳು ತಂದುಹಾಕುತ್ತಿದ್ದ, ಸಿಮೆಂಟಿನ ಮೂಟೆ ಇಳಿಸುತ್ತಿದ್ದ, ಜಗಲಿಯ ಕೆಳಗೆ ನಿಂತು ಬಾಂಡ್ಲಿ ಎತ್ತಿಕೊಡುತ್ತಿದ್ದ. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಆನೆ ಅಡ್ಡ ನಿಲ್ಲುವ ಕಾಡುದಾರಿಯಲ್ಲಿ ಬಸ್ಸು ಓಡಿಸುವವನು.

"ಒಳಗೆ ಬಂದು ಒಂದು ಲೋಟ ಕಾಫಿ ಕುಡೀರಿ" ಎಂದು ಅವಳು ಕರೆದರೆ, "ಇಲ್ಲಿಗೇ ತಂದುಕೊಡು, ಗಾಳಿ ಚೆನ್ನಾಗೈತೆ" ಎನ್ನುತ್ತಿದ್ದ.

ಹಿಂಬದಿಯ ಕೋಣೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಉಳಿದ ಕಡೆಯೆಲ್ಲ ಮುಗಿದಾಗ ಆ ಬಾಗಿಲು ತೆಗೆಯಲೇಬೇಕಾಯಿತು.  ಅಲ್ಲಿ ಕಿಟಕಿಯಿರಲಿಲ್ಲ. ಹೊರಗೆ ಉರಿಯುವ ಬಿಸಿಲಿದ್ದರೂ ಒಳಗೆ ಟಾರ್ಚು ಬೇಕು. ಮೂಲೆಯಲ್ಲಿ ಒಂದು ಚಾಪೆ ಹುಡಿಯಾಗಿ ಬಿದ್ದಿತ್ತು. ಇಷ್ಟು ವರ್ಷವಾದರೂ ಹಳೆಯ ಹರಳೆಣ್ಣೆಯ ವಾಸನೆ.

ಗಾರೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಗೋಡೆ ಬಿಟ್ಟಿದೆ ಎಂದು ತಿಳಿಯಲು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿಯಿದ್ದಲ್ಲಿ ಸದ್ದು ತೂಕವಾಗಿ ಬರುತ್ತದೆ, ಬಿಟ್ಟಲ್ಲಿ ಟೊಳ್ಳಾಗಿ. ಅವಳು ಬಾಗಿಲ ಪಕ್ಕದಿಂದ ತಟ್ಟುತ್ತ ಬಂದಳು. ಟಕ್, ಟಕ್. ಬೀದಿಯ ಕಡೆಗಿನ ಗೋಡೆಗೆ ಬಂದಾಗ ಸದ್ದು ಬದಲಾಯಿತು. ಒಂದು ಗೆರೆಯವರೆಗೆ ಗಟ್ಟಿ, ಅದರಾಚೆ ಟೊಳ್ಳು, ಮತ್ತೆ ಗಟ್ಟಿ. ಇನ್ನೂ ಒಂದು ಸಲ ತಟ್ಟಿ ಕೈ ಇಳಿಸಿದಳು.

ಗೋಡೆ ತಿರುಗಿ ತಟ್ಟಿತು.

ಎರಡೇ ಸಲ. ಟಕ್, ಟಕ್. ಅವಳ ಸುತ್ತಿಗೆ ಅವಳ ತೊಡೆಯ ಪಕ್ಕದಲ್ಲಿ ತೂಗುತ್ತಿತ್ತು.

ಲತಾಮಣಿ ಓಡಲಿಲ್ಲ.  ಒಂದಷ್ಟು ಹೊತ್ತಿನ ಮೇಲೆ ಹೊರಗೆ ಬಂದು, ಮನೆಯನ್ನು ಸುತ್ತಿ ಬೀದಿಯ ಕಡೆಯ ಗೋಡೆಯ ಹತ್ತಿರ ಹೋಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಒಂದು ಹೇಂಟೆ ಧೂಳಿನಲ್ಲಿ ಹೊರಳುತ್ತಿತ್ತು. ಬಿಸಿಲಿಗೆ ಮಾಡಿನ ಮರ ಬಿರಿದರೆ ಇಂಥ ಸದ್ದು ಬರುತ್ತದೆ ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ, ಇಷ್ಟು ವರ್ಷ ನೆನಪಿಗೆ ಬಾರದಿದ್ದ ಒಂದು ಸಂಗತಿ ನೆನಪಾಯಿತು.

ಅಲ್ಲಿ ಕಿಟಕಿಯಿತ್ತು.

ಅವಳು ಎರಡನೆಯ ಕ್ಲಾಸಿನಲ್ಲಿದ್ದಳು. ಸ್ಕೂಲಿಗೆ ಹೋಗುವ ದಾರಿ ಅದೇ ಬೀದಿ. ಕಿಟಕಿಗೆ ಮರದ ಸರಳುಗಳು. ಒಳಗೆ ಕತ್ತಲಾದ್ದರಿಂದ ಮುಖ ಕಾಣುತ್ತಿರಲಿಲ್ಲ, ಬೆರಳು ಕಾಣುತ್ತಿದ್ದವು. ದೊಡ್ಡಮ್ಮ ಗೋಡೆಗೆ ಎರಡು ಸಲ ತಟ್ಟುತ್ತಿದ್ದಳು. ಲತಾಮಣಿ ಸ್ಲೇಟಿನ ಅಂಚಿನಿಂದ ಹೊರಗೆ ಎರಡು ಸಲ ತಟ್ಟುತ್ತಿದ್ದಳು. ದೊಡ್ಡಮ್ಮ ಮೂರು ಸಲ ತಟ್ಟಿದರೆ ಇವಳೂ ಮೂರು ಸಲ. ಕೊನೆಗೆ ಒಳಗಿನಿಂದ ನಗು ಕೇಳುತ್ತಿತ್ತು. ಅವಳಿಗೆ ಅದೊಂದು ಆಟ. ಬೇರೆ ಮಕ್ಕಳೂ ಬಂದು ಸೇರತೊಡಗಿದರು. ಆಮೇಲೆ ಒಂದು ದಿನ ಸ್ಕೂಲು ಬಿಟ್ಟು ಬರುವಾಗ ಕಿಟಕಿಯಿದ್ದ ಜಾಗದಲ್ಲಿ ಹಸಿ ಗಾರೆಯ ಗೋಡೆಯಿತ್ತು. ಅವಳು ಸ್ಲೇಟಿನಿಂದ ತಟ್ಟಿದ್ದಳು. ಸ್ಲೇಟಿಗೆ ಗಾರೆ ಮೆತ್ತಿಕೊಂಡಿತು. ಅಮ್ಮ ಬೈದಳು. ಬೈಗುಳ ಮಾತ್ರ ನೆನಪಿನಲ್ಲಿ ಉಳಿದು, ಕಿಟಕಿ ಮರೆತುಹೋಗಿತ್ತು.

ಅಂದು ಅವಳು ಬೇಗ ಬೀಗ ಹಾಕಿಕೊಂಡು ಕನಕಪುರಕ್ಕೆ ಹೊರಟುಹೋದಳು. ನಾಲ್ಕಾರು ದಿನ ಬರಲಿಲ್ಲ. ಜಯಕುಮಾರ್ ಏನೂ ಕೇಳದೆ, "ಬುಟ್ಬುಡು ಮಣಿ, ಇಲ್ಲೇ ಎಲ್ಲಾದ್ರೂ ಮನೆ ಹುಡುಕ್ತೀನಿ" ಎಂದ.

"ಅಲ್ಲಿ ಕಿಟಕಿ ಇತ್ತು ಕಣ್ರೀ" ಎಂದಳು ಅವಳು. ಮತ್ತೆ ಅದನ್ನೇ ಹೇಳಿದಳು. ಜಯಕುಮಾರ್‌ಗೆ ಅರ್ಥವಾಗಲಿಲ್ಲ. ಆದರೆ ಅವಳು ಬಿಡುವವಳಲ್ಲ ಎಂಬುದು ಅರ್ಥವಾಯಿತು.

ಮತ್ತೆ ಹೋದ ದಿನ ಅವಳು ಮೊದಲು ಸೀಸದ ಕಡ್ಡಿಯಿಂದ ಗುರುತು ಹಾಕಿಕೊಂಡಳು. ಟೊಳ್ಳು ಸದ್ದು ಬರುವ ಕಡೆಯಲ್ಲಿ ಚುಕ್ಕೆ ಇಡುತ್ತ ಹೋದಂತೆ ಚುಕ್ಕೆಗಳು ಸೇರಿ ಒಂದು ಚೌಕವಾಯಿತು. ಅವಳ ಮೊಣಕಾಲಿನಿಂದ ತಲೆಯವರೆಗಿನ ಚೌಕ. ಮಾಸ್ಕು ಕಟ್ಟಿ, ಕನ್ನಡಕ ಹಾಕಿ, ಚಾಣವಿಟ್ಟು ಸುತ್ತಿಗೆಯಿಂದ ಹೊಡೆದಳು. ಗಾರೆ ಹಲಗೆ ಹಲಗೆಯಾಗಿ ಬಿತ್ತು. ಕೆಳಗೆ ಇಟ್ಟಿಗೆ. ಸುತ್ತಲಿನ ಇಟ್ಟಿಗೆಗಿಂತ ಬೇರೆ ಬಣ್ಣ, ಬೇರೆ ಅಳತೆ. ನಡುವಿನ ಒಂದರ ಸುತ್ತ ಸಂದಿನ ಮಣ್ಣನ್ನು ಚಾಣದಿಂದ ಕೆದಕಿ, ಅದು ಅಲುಗಾಡತೊಡಗಿದಾಗ ಎರಡೂ ಕೈಯಿಂದ ಹಿಡಿದು ಎಳೆಯಲು ನೋಡಿದಳು.

"ಆ ಇಟ್ಟಿಗೆ ಮುಟ್ಬ್ಯಾಡ."

ಹಿಂದೆ ಬಾಗಿಲಲ್ಲಿ ತಿಮ್ಮಯ್ಯ ನಿಂತಿದ್ದ. ಬನಿಯನ್ನು, ಪಟಾಪಟಿ ಚಡ್ಡಿ, ಬರಿಗಾಲು. ಬೀದಿ ದಾಟಿ ಓಡಿಬಂದ ಏದುಸಿರು. ಚಾಣದ ಸದ್ದು ಯಾವ ಗೋಡೆಯದೆಂದು ಅವನಿಗೆ ಜಗಲಿಯಲ್ಲಿ ಕುಳಿತೇ ತಿಳಿದಿತ್ತು.

"ಕೈ ತೆಗಿಯವ್ವ. ಈಚೆಗೆ ಬಾ. ನಿಧಾನಕ್ಕೆ ಬಾ."

ಅವಳು ಬಂದಳು. ಅವನು ಅವಳ ರಟ್ಟೆ ಹಿಡಿದು ನಡುಮನೆಯವರೆಗೆ ಎಳೆದುಕೊಂಡು ಬಂದು ಬಿಟ್ಟ. 

"ಮ್ಯಾಲೆ ಏನೈತೆ ಅಂತ ಗೊತ್ತಾ ನಿಂಗೆ? ಕಿಟ್ಕಿ ಮ್ಯಾಲೆ ಮರದ ಹಲ್ಗೆ ಇತ್ತು. ಈಗ ಗೆದ್ಲು ತಿಂದು ಸಿಪ್ಪೆ ಆಗಿರ್ತದೆ. ಗ್ವಾಡೆ ಈಗ ನಿಂತಿರದು ನಾ ತುಂಬಿದ ಇಟ್ಟಿಗೆ ಮ್ಯಾಲೆ. ಅದ ಎಳುದ್ರೆ ಮಾಡು ಸಮೇತ ನಿನ್ ಮ್ಯಾಲೆ ಬೀಳ್ತದೆ. ಇನ್ನೊಂದು ಹೆಂಗ್ಸು ಆ ಗ್ವಾಡೆ ಕೆಳ್ಗೆ..." 

"ನೀವಾ ಮುಚ್ಚಿದ್ದು, ಮಾವ?"

ತಿಮ್ಮಯ್ಯ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತ. ಲತಾಮಣಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡನೇ ಹೊರತು ಕುಡಿಯಲಿಲ್ಲ.

"ನಿಮ್ ದೊಡ್ಡಪ್ಪ ಬಂದು ಕರುದ. ಕಿಟ್ಕಿ ಮುಚ್ಚಿಕೊಡ್ಲಾ ತಿಮ್ಮ ಅಂದ. ಮಕ್ಳು ಬಂದು ನಿಂತ್ಕತವೆ, ಆಚೆಯಿಂದ ಬಡೀತವೆ, ಇವ್ಳು ಒಳ್ಗಿಂದ ಬಡೀತಾಳೆ, ನಗ್ತಾಳೆ, ಬೀದೀಲಿ ಮಾನ ಓಯ್ತದೆ ಅಂದ. ನಂಗೂ ಹಂಗೇ ಅನ್ನುಸ್ತು. ಕೆಲ್ಸ ಕೆಲ್ಸ ಅಲ್ವಾ. ಬೀದಿ ಕಡೆಯಿಂದ್ಲೇ ಕಟ್ಟಕೆ ಸುರು ಮಾಡ್ದೆ. ಅವಮ್ಮನ್ನ ಬ್ಯಾರೆ ಕಡೆ ಇಟ್ಟವ್ರೆ ಅಂದ್ಕಂಡಿದ್ದೆ. ಒಳ್ಗೆ ಸದ್ದೇ ಇರ್ಲಿಲ್ಲ."

ಅವನು ಚೊಂಬನ್ನು ನೆಲಕ್ಕಿಟ್ಟ.

"ಅರ್ಧ ಏರ್ಸಿದ್ದೆ. ಒಂದು ಇಟ್ಟಿಗೆ ಕೈ ಜಾರಿ ಒಳೀಕೆ ಬಿತ್ತು. ಓಗ್ಲಿ ಅಂತ ಇನ್ನೊಂದು ತಗಳಕೆ ಬಗ್ಗುದ್ರೆ, ಒಳ್ಗಿಂದ ಒಂದು ಕೈ ಬಂತು. ಆ ಇಟ್ಟಿಗೆ ಇಡ್ಕಂಡಿತ್ತು. 'ತಕ ಮಗ' ಅಂದ್ಲು. ಬಳೆ ಇತ್ತು ಕೈಯಾಗೆ. 'ಬಿಸ್ಲಲ್ಲಿ ನಿಂತಿದ್ದೀಯಲ್ಲ, ಉಂಡ್ಯಾ?' ಅಂದ್ಲು."

ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು. ತಿಮ್ಮಯ್ಯ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ.

"ನಾನು ಇಸ್ಕಂಡೆ ಕಣವ್ವ. ಇಸ್ಕಂಡು ಅದನ್ನೇ ಇಟ್ಟೆ. ಉಂಡೀನಿ ಅಂತ್ಲೂ ಹೇಳ್ಲಿಲ್ಲ. ಮಾತಾಡುದ್ರೆ ಕೈ ನಿಂತೋಯ್ತದೆ ಅನ್ನುಸ್ತು. ಬ್ಯಾಗ ಬ್ಯಾಗ ಇಟ್ಟು ಮುಗುಸ್ಬುಟ್ಟೆ. ಕೊನೇದು ಇಡೋವಾಗ್ಲೂ ಒಳ್ಗೆ ಅವಮ್ಮ ನಿಂತೇ ಇದ್ಲು. ಉಸ್ರು ಕೇಳ್ತಿತ್ತು."

 ಹೇಳಬೇಕೋ ಬೇಡವೋ ಎಂದು ತೋಚದೆ, ಕೊನೆಗೆ ಲತಾಮಣಿ ಹೇಳಿದಳು. "ಆಚೆಯಿಂದ ಬಡೀತಿದ್ದೋಳು ನಾನೇ, ಮಾವ."

"ಗೊತ್ತು" ಎಂದ ತಿಮ್ಮಯ್ಯ. "ಎದ್ರುಗೇ ಅಲ್ವಾ ನಮ್ ಮನೆ."

 ಒಳಗಿನ ಕೋಣೆಯಲ್ಲಿ ಕೆದಕಿದ ಸಂದಿನಿಂದ ಮಣ್ಣು ಸಣ್ಣಗೆ ಉದುರುವುದು ಕೇಳುತ್ತಿತ್ತು. ತಿಮ್ಮಯ್ಯ ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲವರೆಗೆ ಹೋಗಿ ನಿಂತ. "ಜಾಕಿ ಬೇಕು, ಎರಡು. ಗ್ವಾಡೆಗೆ ಆಸರೆ ಕೊಡಕೆ. ಮ್ಯಾಲೆ ಕೂರ್ಸಕೆ ಒಂದು ಕಲ್ ಚಪ್ಪಡಿ. ಮರ ಬ್ಯಾಡ. ತರ್ಸು. ಬತ್ತೀನಿ."

ಜಾಕಿಗಳನ್ನು ಜಬ್ಬಾರ್ ಸಾಬರು ಎಲ್ಲಿಂದಲೋ ಹೊಂದಿಸಿಕೊಟ್ಟರು. ಚಪ್ಪಡಿಯನ್ನು ಕಲ್ಲು ಒಡೆಯುವವರ ಹತ್ತಿರ ಕೊಂಡು, ಎರಡನ್ನೂ ಜಯಕುಮಾರ್ ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದ. ತಿಮ್ಮಯ್ಯ ಅವಳ ರಸಮಟ್ಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ತಾನು ಕೆಲಸ ಮಾಡುವಾಗ ಇಷ್ಟು ಚೆಂದದ್ದು ಇರಲಿಲ್ಲವೆಂದ. ಕಿಟಕಿಯ ಚೌಕದ ಮೇಲೆ ಗೋಡೆಗೆ ಅಡ್ಡಲಾಗಿ ತೂತು ಕೊರೆದು ಕಬ್ಬಿಣದ ತೊಲೆ ತೂರಿಸಿ, ಅದರ ಎರಡೂ ತುದಿಗೆ ಜಾಕಿ ಕೊಟ್ಟರು. ಒಳಗೆ ಒಂದು, ಹೊರಗೆ ಒಂದು. ಅವನು ಹೇಳಿದ ಹಾಗೆ ಅವಳು ತಿರುಗಿಸುತ್ತ ಹೋದಳು. ಗೋಡೆ ಒಮ್ಮೆ ನರಳಿತು. ತೂಗುಗುಂಡಿನ ದಾರ ಅಲುಗಾಡಲಿಲ್ಲ. ತಿಮ್ಮಯ್ಯ ಅದನ್ನು ನೋಡಿಯೇ ಉಸಿರು ಬಿಟ್ಟದ್ದು.

ಹಳೆಯ ಹಲಗೆ ಅವನು ಹೇಳಿದಂತೆಯೇ ಇತ್ತು. ಬೆರಳು ಒತ್ತಿದರೆ ಒಳಗೆ ಹೋಯಿತು. ಅದನ್ನು ಕೆರೆದು ತೆಗೆದ ಮೇಲೆ ಕಲ್ಲು ಕೂರಿಸಬೇಕು. ಮುದುಕನೂ ಒಬ್ಬ ಹೆಂಗಸೂ ಎತ್ತುವ ಕಲ್ಲಲ್ಲ. ಲತಾಮಣಿ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು. 

ಜಯಕುಮಾರ್ ಜಗಲಿಯ ಕೆಳಗೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಚಪ್ಪಲಿ ಬಿಟ್ಟ. ದೇವಸ್ಥಾನದ ಮುಂದೆ ಬಿಡುವಂತೆ ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟು, ಹೊಸ್ತಿಲು ದಾಟಿದ. ನಡುಮನೆಯಲ್ಲಿ ನಿಲ್ಲದೆ, ಅತ್ತಿತ್ತ ನೋಡದೆ, ನೇರ ಕೋಣೆಗೆ ಹೋಗಿ ಕಲ್ಲಿನ ಒಂದು ತುದಿ ಹಿಡಿದುಕೊಂಡ. "ಎತ್ತಿ, ಬೇಗ ಎತ್ತಿ" ಎಂದ. ಕಲ್ಲು ಕುಳಿತ ಮೇಲೂ ಅವನು ಹೊರಗೆ ಹೋಗಲಿಲ್ಲ. ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ.

ಸಿಮೆಂಟು ಗಟ್ಟಿಯಾಗಲು ಬಿಟ್ಟು, ಅದಾದ ಮೇಲೆ ಇಟ್ಟಿಗೆ ತೆಗೆದರು. ತಾನು ಒಳಗೆ ಇರುತ್ತೇನೆಂದು ತಿಮ್ಮಯ್ಯನೇ ಹೇಳಿದ. ಲತಾಮಣಿ ಬೀದಿಯ ಕಡೆ ನಿಂತಳು. ಹೊರಗಿನ ಗಾರೆಯನ್ನು ಅವಳು ಮೊದಲೇ ಕೆಡವಿದ್ದಳು. ಮೇಲಿನ ಸಾಲಿನ ಮೊದಲ ಇಟ್ಟಿಗೆ ಅಲುಗಾಡಿ, ಹಿಂದಕ್ಕೆ ಸರಿದು ಮಾಯವಾಯಿತು. ಆ ತೂತಿನಲ್ಲಿ ಕತ್ತಲೆ ಕಂಡಿತು. ಆಮೇಲೆ ಒಂದು ಕೈ ಬಂತು. ಮಣ್ಣು ಮೆತ್ತಿದ ಮುದಿ ಕೈ. ಇಟ್ಟಿಗೆ ಹಿಡಿದುಕೊಂಡಿತ್ತು. ಅವಳು ಅದನ್ನು ತೆಗೆದುಕೊಂಡು ಕೆಳಗಿಟ್ಟಳು. ಮತ್ತೊಂದು ಬಂತು. ಬೀದಿಯಲ್ಲಿ ಹೋಗುವವರು ನಿಂತರು. ಡೇರಿಗೆ ಹಾಲು ಒಯ್ಯುತ್ತಿದ್ದ ಮಾರಕ್ಕ ಕ್ಯಾನು ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದು ನೋಡಿದಳು. ಯಾರೂ ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

ನಡುವಿನ ಸಾಲಿಗೆ ಬಂದಾಗ ಒಳಗಿನ ಕೈ ನಿಂತಿತು. ಇಟ್ಟಿಗೆಯೊಂದನ್ನು ಹಿಡಿದು ತಿಮ್ಮಯ್ಯ ಅದನ್ನೇ ನೋಡುತ್ತಿದ್ದ. ಇಷ್ಟು ವರ್ಷದ ಮೇಲೆ ಯಾವ ಇಟ್ಟಿಗೆ ಯಾವುದೆಂದು ಗುರುತು ಸಿಗುವುದು ಸಾಧ್ಯವಿಲ್ಲ. ಎಲ್ಲವೂ ಒಂದೇ ಭಟ್ಟಿಯ ಇಟ್ಟಿಗೆ. ಆದರೂ ಅದನ್ನು ಅವನು ಹೊರಗೆ ಕೊಡಲಿಲ್ಲ. ಹೆಗಲ ಟವಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು ಉಳಿದದ್ದನ್ನು ತೆಗೆದ. ಹೋಗುವಾಗ ಆ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಏನು ಮಾಡಿದನೋ ಯಾರಿಗೂ ಗೊತ್ತಿಲ್ಲ. ಅಂದಿನಿಂದ ಅವನು ತನ್ನ ಜಗಲಿಯಲ್ಲಿ ಕೂರುವುದನ್ನು ಬಿಟ್ಟ. ಹಿತ್ತಿಲ ಕಡೆ ಮಂಚ ಹಾಕಿಸಿಕೊಂಡ. ಲತಾಮಣಿ ಒಂದೆರಡು ಸಲ ಊಟ ಕಳಿಸಿದಳು. ತಟ್ಟೆ ತೊಳೆದು ವಾಪಸ್ಸು ಬಂತು, ಮಾತು ಬರಲಿಲ್ಲ.

ಮನೆಯೊಕ್ಕಲು ಸಣ್ಣಗೆ ಆಯಿತು. ಮಗಳು ಸೋಲೂರಿನಿಂದ ಬಂದಳು. ಊರಿನ ಕೆಲವರು ಬಂದು ಜಗಲಿಯಲ್ಲೇ ಉಂಡು ಹೋದರು. ಬರಬರುತ್ತ ಬೇರೆ ಕಾರಣಕ್ಕೆ ಬರತೊಡಗಿದರು. ಒಬ್ಬರಿಗೆ ಡ್ರಿಲ್ಲು ಬೇಕು, ಒಬ್ಬರಿಗೆ ಏಣಿ, ಒಬ್ಬರಿಗೆ ನಲ್ಲಿ ಬಿಚ್ಚಲು ಪಾನಾ. ಮಾರಕ್ಕ ಮೊಮ್ಮಗುವಿನ ತೊಟ್ಟಿಲು ಕಟ್ಟಲು ಸೂರಿಗೆ ಕೊಕ್ಕೆ ಹಾಕಿಕೊಡೆಂದು ಕರೆದಳು. ಲತಾಮಣಿ ಹೋಗಿ ಹಾಕಿಕೊಟ್ಟಳು. "ಒಳಗೆ ಇರ್ತೀಯಲ್ಲ, ಏನೂ ಆಗಾಕಿಲ್ವಾ?" ಎಂದು ಮಾರಕ್ಕ ಮೆಲ್ಲಗೆ ಕೇಳಿದಳು. "ಮರ ಬಿರೀತದೆ, ಬಿಸಿಲು ಹೆಚ್ಚಾದ್ರೆ" ಎಂದಷ್ಟೇ ಲತಾಮಣಿ ಹೇಳಿದಳು.

ಕಿಟಕಿಗೆ ಚೌಕಟ್ಟು ಕೂರಿಸಿದ್ದಾಯಿತು. ಕೋಣೆಗೆ ಬಣ್ಣ ಬಳಿಯುವುದು ಮಾತ್ರ ಉಳಿದಿತ್ತು. ಬೆಳಕು ಬಂದ ಮೇಲೆಯೇ ಅವಳಿಗೆ ಕಂಡದ್ದು, ಕಿಟಕಿಗೆ ತಾಗಿದ ಬಲಗಡೆಯ ಅಡ್ಡಗೋಡೆಯ ಮೇಲೆ ಒಂದು ಕಲೆ. ಗುಂಡಗೆ, ಕಂದು ಬಣ್ಣ, ನೆಲದ ಮೇಲೆ ಕುಳಿತರೆ ತಲೆ ತಾಗುವ ಎತ್ತರ. ಮುಟ್ಟಿದರೆ ಅಲ್ಲಿಯ ಗಾರೆ ನುಣುಪಾಗಿತ್ತು. ದಿನವೂ ಎಣ್ಣೆ ಹಚ್ಚಿದ ತಲೆಯೊಂದು ಅಲ್ಲಿ ಒರಗಿ ಒರಗಿ ಆದದ್ದು. ಮುಚ್ಚಿದ ಮೇಲೂ ಬೋರಮ್ಮ ಅಲ್ಲಿಂದ ಏಳಲಿಲ್ಲ ಎಂಬುದು ಆ ಕಲೆ ನೋಡಿದವರಿಗೆ ತಿಳಿಯುತ್ತಿತ್ತು.

ಲತಾಮಣಿ ಪುಟ್ಟಿ ಬ್ಲೇಡಿನಿಂದ ಕೆರೆದಳು, ಉಪ್ಪುಕಾಗದ ಹಾಕಿ ಉಜ್ಜಿದಳು, ಪ್ರೈಮರು ಬಳಿದು, ಪುಟ್ಟಿ ಹಚ್ಚಿ, ರೋಲರಿನಿಂದ ತಿಳಿಹಳದಿ ಬಣ್ಣ ಕೊಟ್ಟಳು. ಕೋಣೆ ಹೊಸದಾಯಿತು. ತಿಂಗಳೊಳಗೆ ಕಲೆ ಮೇಲೆದ್ದಿತು. ಜಬ್ಬಾರ್ ಸಾಬರು, ಎಣ್ಣೆ ಕಲೆಗೆ ಬೇರೆ ಪ್ರೈಮರು ಇದೆಯೆಂದು ಕೊಟ್ಟರು. ಅದನ್ನೂ ಹಚ್ಚಿದಳು. ಮಳೆ ಶುರುವಾದಾಗ ಮತ್ತೆ ಬಂತು, ಮೊದಲಿಗಿಂತ ತಿಳಿಯಾಗಿ, ಅದೇ ಗುಂಡಗೆ. "ಒಂದು ಕ್ಯಾಲೆಂಡರ್ ನೇತಾಕು" ಎಂದ ಜಯಕುಮಾರ್. ಅವಳು ಹೂಂ ಎಂದಳು. ನೇತುಹಾಕಲಿಲ್ಲ.

ಆ ಕೋಣೆಯಲ್ಲಿ ಈಗ ಅವಳ ಹೊಲಿಗೆ ಮಿಷನ್ನಿದೆ. ಊರ ಹೆಂಗಸರ ರವಿಕೆ ಹೊಲಿಯುತ್ತಾಳೆ. ಮಿಷನ್ನಿನ ಕೆಲಸ ಮುಗಿದ ಮೇಲೆ ಕೊಕ್ಕೆ ಹಾಕುವುದು, ಅಂಚು ಮಡಿಸುವುದು ಕೈಯಲ್ಲೇ ಆಗಬೇಕು. ಅದಕ್ಕೆ ಬೆಳಕಿರುವ ಜಾಗವೆಂದು ಕಿಟಕಿಯ ಪಕ್ಕ ಚಾಪೆ ಹಾಸಿ ಕೂರುತ್ತಾಳೆ. ಒಂದು ಮಧ್ಯಾಹ್ನ ಹಾಗೆ ಕುಳಿತಿದ್ದಾಗ, ಸೂಜಿ ಕೈಯಲ್ಲಿರುವಂತೆಯೇ ಬೀದಿ ನೋಡುತ್ತ ಇದ್ದುಬಿಟ್ಟಳು. ಎದುರು ತಿಮ್ಮಯ್ಯನ ಖಾಲಿ ಜಗಲಿ, ಸ್ಕೂಲಿನಿಂದ ಬರುವ ಮಕ್ಕಳ ಗದ್ದಲ. ತಲೆ ಹಿಂದೆ ಗೋಡೆಗೆ ಒರಗಿತ್ತು. ಎಲ್ಲಿ ಒರಗಿದೆ ಎಂದು ಅವಳಿಗೆ ತಡವಾಗಿ ಗೊತ್ತಾಯಿತು. ಸರಿಯಾಗಿ ಅದೇ ಜಾಗ, ಅದೇ ಎತ್ತರ. ಏಳಬೇಕು ಅನ್ನಿಸಿತು, ಏಳಲಿಲ್ಲ.

ಡ್ಯೂಟಿ ಮುಗಿಸಿ ಬಂದ ಜಯಕುಮಾರ್ ಜಗಲಿಯಿಂದ ಕ್ಯಾರಿಯರ್ ಇಡುತ್ತ ಕೂಗಿದ. "ಮಣಿ, ಎಲ್ಲಿದ್ದೀಯ?"

"ಇಲ್ಲೇ ಕಣ್ರೀ" ಎಂದಳು. "ಒಳಗಿದೀವಿ."

ನಡುಮನೆಗೆ ಬರುತ್ತಿದ್ದ ಅವನ ಹೆಜ್ಜೆ ಅಲ್ಲೇ ನಿಂತಿತು. ಯಾರು ಯಾರು ಎಂದು ಅವನು ಕೇಳಲಿಲ್ಲ.